ಕಬಕದ ಝುಲೈಖಾ ದ್ವೀಪವನ್ನು ಆಳಿದ ಕಥೆ

ಝುಲೈಖಾ ಕುಂಞಿ ಮೋನು, ವಯಸ್ಸು ಎಪ್ಪತ್ತೊಂದು. ನರಿಮೊಗರಿನಲ್ಲಿ ಒಣಮೀನು ಮಾರುತ್ತಿದ್ದ ದಿವಂಗತ ಕುಂಞಿ ಮೋನು ಬ್ಯಾರಿ ಮತ್ತು ದಿವಂಗತ ಬೀಬಿಯವರ ಕೊನೆಯ ಮಗಳು. ಕಬಕದ ಲಾರಿ ಚಾಲಕ ದಿವಂಗತ ಹಕೀಮರ ಹೆಂಡತಿ. ನಶೀದಾ ಮತ್ತು ನಿಯಾಝರ ತಾಯಿ, ಸಫ್ವಾನ್ ಮತ್ತು ರುಕಿಯಾರ ಅಜ್ಜಿ. ಈ ವರ್ಷ ಮಳೆ ಹಿಡಿಯುವ ಮೊದಲು ಒಂದು ಮಧ್ಯಾಹ್ನ ಊಟ ಮುಗಿಸಿ, ಸಾರಿಗೆ ಹುಳಿ ಹೆಚ್ಚಾಯಿತೆಂದು ಸೊಸೆಗೆ ತಿಳಿಸಿ ಮಲಗಿದವರು ಮತ್ತೆ ಏಳಲಿಲ್ಲ.

ಅವರು ಒಂದು ದ್ವೀಪವನ್ನು ಆಳಿದವರು. ಈ ಬಗ್ಗೆ ಕಬಕದಲ್ಲಿ ಎರಡು ಕಥೆಗಳು ಚಾಲ್ತಿಯಲ್ಲಿವೆ. ಒಂದರಲ್ಲಿ ಅವರು ಬಂದೂಕು ಹಿಡಿದಿದ್ದರು. ಇನ್ನೊಂದರಲ್ಲಿ ಅರಬನೊಬ್ಬ ಅವರಿಗೆ ಚಿನ್ನದ ತಟ್ಟೆ ಕೊಟ್ಟಿದ್ದ. ಎರಡೂ ಸುಳ್ಳು. ಬಂದೂಕನ್ನು ಅವರು ಮುಟ್ಟಿದ್ದು ಒಂದೇ ಸಾರಿ. ಯಾರೋ ಜಗಲಿಯಲ್ಲಿ ಒರಗಿಸಿಟ್ಟದ್ದು ಗುಡಿಸುವುದಕ್ಕೆ ಅಡ್ಡವಾಗಿತ್ತು. ಚಿನ್ನದ ತಟ್ಟೆ ಇದ್ದಿದ್ದರೆ ನಶೀದಾಳ ಮದುವೆಗೆ ಹಕೀಮರು ಲಾರಿಯನ್ನು ಮಾರಬೇಕಾಗಿರಲಿಲ್ಲ. ಸತ್ತವರ ಬಗ್ಗೆ ಬಣ್ಣ ಕಟ್ಟಿ ಹೇಳುವುದು ಗೌರವವಲ್ಲ. ಇಲ್ಲಿರುವುದು ಝುಲೈಖಾರೇ ಹೇಳಿದ್ದು. ಆಲಂಕಾರಿನ ತ್ಯಾಂಪಣ್ಣನವರು ಕೆಲವು ಕಡೆ ತಿದ್ದಿದ್ದು.

ಹಕೀಮರ ಬೆನ್ನಿಗೆ ಪೆಟ್ಟಾಗಿ, ಕೆಲವು ವರ್ಷ ಸ್ಟಿಯರಿಂಗ್ ಹಿಡಿಯಬಾರದೆಂದು ವೈದ್ಯರು ಹೇಳಿದಾಗ ಮನೆಯಲ್ಲಿ ದುಡಿಯಬಲ್ಲವರಾಗಿ ಉಳಿದದ್ದು ಝುಲೈಖಾ ಮಾತ್ರ. ಹಕೀಮರ ಗೆಳೆಯ ತ್ಯಾಂಪಣ್ಣ ಆಗಲೇ ಕುವೈತಿನ ಕರಾವಳಿಗೆ ಹತ್ತಿರದ ಒಂದು ಪುಟ್ಟ ದ್ವೀಪದಲ್ಲಿ ಮಂಜುಗಡ್ಡೆಯ ಕಾರ್ಖಾನೆ ನೋಡಿಕೊಳ್ಳುತ್ತಿದ್ದರು. ದ್ವೀಪದ ಮುಖ್ತಾರನ, ಅಂದರೆ ಊರಿನ ಮುಖ್ಯಸ್ಥನ ಮನೆಗೆ ಅಡುಗೆಯವರು ಬೇಕೆಂದು ಅವರು ಬರೆದು ಹಾಕಿದರು. ಮಕ್ಕಳನ್ನು ನರಿಮೊಗರಿನಲ್ಲಿ ತಾಯಿಯ ಬಳಿ ಬಿಟ್ಟು ಝುಲೈಖಾ ವಿಮಾನ ಹತ್ತಿದರು. ದ್ವೀಪವನ್ನು ಅವರು ಕೊನೆಯ ತನಕ 'ಕುದ್ರು' ಎಂದೇ ಕರೆದರು. ನೇತ್ರಾವತಿಯ ನಡುವೆ ಇರುವುದಕ್ಕೂ ಸಮುದ್ರದ ನಡುವೆ ಇರುವುದಕ್ಕೂ ಅವರ ಲೆಕ್ಕದಲ್ಲಿ ನೀರಿನ ಉಪ್ಪಿನದಷ್ಟೇ ವ್ಯತ್ಯಾಸ.

ಮುಖ್ತಾರನ ಮನೆಯಲ್ಲಿ ಅವರು ಕೆಲಸ ಮಾಡಿದ್ದು ಮುಖ್ಯವಾಗಿ ಅವನ ತಾಯಿಯ ಜೊತೆ. ಹಿರಿಮಗ ಸಾಲಿಮ್‌ನ ಹೆಸರಿನಿಂದ ಆಕೆಯನ್ನು ಎಲ್ಲರೂ ಉಮ್ಮು ಸಾಲಿಮ್ ಎನ್ನುತ್ತಿದ್ದರು. ಎಂಬತ್ತರ ಹತ್ತಿರದ ಪ್ರಾಯ, ಉಬ್ಬಸ, ಜೊತೆಗೆ ಅಡುಗೆಮನೆಯಲ್ಲಿ ಯಾರನ್ನೂ ನಂಬದ ಸ್ವಭಾವ. ಆ ಕಡೆಯ ಹಳೆಯ ಕಾಲದ ಹೆಂಗಸರಂತೆ ಹುಬ್ಬಿನಿಂದ ಮೂಗಿನ ತನಕ ಮುಚ್ಚುವ ಗಟ್ಟಿ ಬಟ್ಟೆಯ ಮುಖವಾಡ ಧರಿಸುತ್ತಿದ್ದರು. ಮದುವೆಯಾದ ದಿನದಿಂದ ಮನೆಯವರ ಹೊರತು ಒಬ್ಬರೂ ಆಕೆಯ ಮುಖವನ್ನು ನೋಡಿದ್ದಿಲ್ಲ. ಬ್ಯಾರಿಗಳು ತಾಯಿಯನ್ನು ಕರೆಯುವಂತೆಯೇ ಝುಲೈಖಾ ಆಕೆಯನ್ನು 'ಉಮ್ಮ' ಎಂದರು. ಆಕೆ ಝುಲೈಖಾರನ್ನು ಬೈಯುವುದಕ್ಕೆ ಮಾತ್ರ ಕರೆದರು. ಇಬ್ಬರಿಗೂ ಇದು ಒಗ್ಗಿತು.

ಸಾವಿರದ ಒಂಬೈನೂರ ತೊಂಬತ್ತರ ಆಗಸ್ಟಿನಲ್ಲಿ ನೆರೆದೇಶದ ಸೈನ್ಯ ಕುವೈತನ್ನು ಆಕ್ರಮಿಸಿತು. ಬೇಸಿಗೆಯ ರಜೆಗೆಂದು ಮುಖ್ತಾರ್ ಸಾಲಿಮ್ ಕುಟುಂಬ ಸಮೇತ ಪರದೇಶದಲ್ಲಿದ್ದ. ವಿಮಾನದಲ್ಲಿ ಕೂರಲೊಪ್ಪದ ಉಮ್ಮು ಸಾಲಿಮ್ ಮನೆಯಲ್ಲಿ, ಕೀಲಿಗೊಂಚಲು ಝುಲೈಖಾರ ಸೊಂಟದಲ್ಲಿ. ದ್ವೀಪದ ಅರಬ್ ಕುಟುಂಬಗಳು ಮೊದಲ ವಾರವೇ ಸಿಕ್ಕಿದ ದೋಣಿ ಹತ್ತಿ ಹೊರಟವು. ಉಮ್ಮು ಸಾಲಿಮ್ ಮಾತ್ರ, ತಾನು ಸೊಸೆಯಾಗಿ ಬಂದ ಮನೆಯಿಂದ ಹೆಣವಾಗಿಯೇ ಹೋಗುವುದೆಂದು ಮಂಚ ಹಿಡಿದು ಕುಳಿತರು. ಆಮೇಲೆ ಸೈನಿಕರು ಬಂದರು. ಅವರ ಹಿಂದೆಯೇ ಆಜ್ಞೆಯೂ ಬಂತು. ನೀರಿನ ಯಂತ್ರ, ಮಂಜುಗಡ್ಡೆ ಕಾರ್ಖಾನೆ, ಬೇಕರಿ ನಡೆಸುವ ಪರದೇಶಿ ಕೆಲಸಗಾರರು ಇರಬಹುದು. ಸ್ಥಳೀಯರು ಒಬ್ಬರೂ ಇರಬಾರದು. ಸಿಕ್ಕಿದವರನ್ನು ದೋಣಿಗೆ ಹಾಕಿ ಸಾಗಿಸಲಾಗುವುದು. ಎಲ್ಲಿಗೆ ಎಂದು ಆಜ್ಞೆಯಲ್ಲಿ ಇರಲಿಲ್ಲ.

ನಾಲ್ಕು ಹೆಜ್ಜೆ ನಡೆದರೆ ಉಬ್ಬಸ ಏರುವ ಮುದುಕಿಯನ್ನು ಆಗಸ್ಟ್ ತಿಂಗಳ ಬಿಸಿಲಿಗೆ ತೆರೆದ ದೋಣಿಯಲ್ಲಿ ಕೂರಿಸಿದರೆ ಏನಾಗುತ್ತದೆಂದು ತಿಳಿಯಲು ಶಾಲೆಗೆ ಹೋಗಬೇಕಾಗಿಲ್ಲ. ಝುಲೈಖಾ ಆಗ ಶಾಲೆಗೆ ಹೋದವರೂ ಅಲ್ಲ. ಅಕ್ಷರ ಕಲಿತದ್ದು ಊರಿಗೆ ಮರಳಿದ ಮೇಲೆ, ಸಂಜೆಯ ತರಗತಿಯಲ್ಲಿ. ಅವರು ಪೆಟ್ಟಿಗೆಯಿಂದ ತನ್ನ ನೀಲಿ ಹೂವಿನ ಸೀರೆಯನ್ನು ತೆಗೆದು ಉಮ್ಮು ಸಾಲಿಮ್‌ಗೆ ಉಡಿಸಿದರು. ಉಮ್ಮ ಸೀರೆಯನ್ನು ಸಹಿಸಿದರು. ಇದನ್ನು ಉಟ್ಟು ನಿಮ್ಮ ದೇಶದಲ್ಲಿ ನಡೆಯುತ್ತಾರೋ ಉರುಳುತ್ತಾರೋ ಎಂದು ಕೇಳಿದರು. ಆದರೆ ಮುಖವಾಡಕ್ಕೆ ಕೈ ಹಾಕಿದಾಗ ಅತ್ತರು. ಕಡೆಗೆ ಉಮ್ಮ ತಾವೇ ಅದನ್ನು ಬಿಚ್ಚಿ, ಬೆತ್ತಲೆಯಾದವರಂತೆ ಗೋಡೆಗೆ ತಿರುಗಿ ಕುಳಿತರು.

ಆ ಮುಖವೇ ಅವರಿಗೆ ಬೇಲಿಯಾಯಿತು. ದ್ವೀಪದಲ್ಲಿ ವರ್ಷಗಟ್ಟಲೆ ಇದ್ದವರಿಗೂ ಅದರ ಗುರುತಿಲ್ಲ. ಮುಖವಾಡದ ಹೆಂಗಸರೆಲ್ಲ ದೋಣಿ ಹತ್ತಿದ್ದನ್ನು ಕಂಡವರಿಗೆ, ಅದರಲ್ಲಿ ಉಮ್ಮು ಸಾಲಿಮ್ ಇರಲಿಲ್ಲವೆಂದು ಹೇಳುವುದು ಸಾಧ್ಯವಿರಲಿಲ್ಲ. ಕೇಳಿದವರಿಗೆಲ್ಲ ಝುಲೈಖಾ ಒಂದೇ ಮಾತು ಹೇಳಿದರು: ಇವರು ನನ್ನ ತಾಯಿ, ನರಿಮೊಗರಿನ ಬೀಬಿ, ನನ್ನ ಜೊತೆ ಸ್ವಲ್ಪ ದಿನ ಇರಲು ಯುದ್ಧಕ್ಕೆ ಮೊದಲು ಬಂದವರು, ಕಿವಿ ಕೇಳುವುದಿಲ್ಲ.

ಸೈನಿಕರು ಬಂದ ಮೂರು ದಿನಗಳಲ್ಲಿ ದ್ವೀಪದ ಕೋಳಿಗಳು ಮುಗಿದವು, ಬೇಕರಿಯ ಹಿಟ್ಟು ಅರ್ಧಕ್ಕೆ ಇಳಿಯಿತು. ಅವರ ಕ್ಯಾಪ್ಟನ್ ಕೆಲಸಗಾರರನ್ನೆಲ್ಲ ಮುಖ್ತಾರನ ಅಂಗಳದಲ್ಲಿ ಸೇರಿಸಿ, ಇಲ್ಲಿಗೆ ಜವಾಬ್ದಾರರು ಯಾರೆಂದು ಕೇಳಿದ. ಗಂಡಸರೆಲ್ಲ ತಮ್ಮ ತಮ್ಮ ಕಾಲಿನ ಬೆರಳನ್ನು ನೋಡತೊಡಗಿದರು. ಹಿಂದಿನಿಂದ ತ್ಯಾಂಪಣ್ಣ ಮೆಲ್ಲನೆ ತುಳುವಿನಲ್ಲಿ ಹೇಳಿದರು:

"ಝುಲೈಖಕ್ಕ, ಬೀಗದ ಕೈ ನಿಮ್ಮ ಸೊಂಟದಲ್ಲಿ ಉಂಟಲ್ಲ. ನೀವೇ ಹೇಳಿ."

"ನಿಮಗೆ ಮೀಸೆ ಉಂಟಲ್ಲ ಮಾರಾಯ್ರೆ. ಅದು ಎಂತಕ್ಕೆ ಇರುದು?"

"ಅದು ಸುಮ್ಮನೆ, ಚಂದಕ್ಕೆ."

ಅವರು ಏನು ಮಾತಾಡುತ್ತಿದ್ದಾರೆಂದು ಕ್ಯಾಪ್ಟನ್ ಕೇಳಿದ. ಜವಾಬ್ದಾರಿ ಕೀಲಿಗೊಂಚಲು ಇರುವ ನನ್ನದು ಎನ್ನುತ್ತಿದ್ದಾರೆ ಎಂದು ಝುಲೈಖಾ ತಮ್ಮ ಅಡುಗೆಮನೆಯ ಅರಬ್ಬಿಯಲ್ಲಿ ಉತ್ತರಿಸಿದರು. ಹೀಗೆ, ಮತದಾನವಿಲ್ಲದೆ, ಒಬ್ಬ ಮೀಸೆಯವರ ಪುಕ್ಕಲುತನದ ಬಲದಿಂದ ಅವರು ಆ ದ್ವೀಪಕ್ಕೆ ಮುಖ್ತಾರರಾದರು. ಪುಕ್ಕಲುತನ ಎಂಬ ಪದವನ್ನು ತ್ಯಾಂಪಣ್ಣನವರು ಒಪ್ಪುವುದಿಲ್ಲ. 'ಯೋಗ್ಯರನ್ನು ಗುರುತಿಸುವ ಗುಣ' ಎಂದು ಬರೆಯಬೇಕೆಂದು ಹೇಳಿದ್ದಾರೆ. ಬರೆದಿದ್ದೇನೆ.

ಬ್ಯಾರಿಗಳ ಊರಿನಲ್ಲಿ ಮಸೀದಿಯ ಉಸ್ತಾದರು ಅಡುಗೆ ಮಾಡಿಕೊಳ್ಳುವುದಿಲ್ಲ. ಜಮಾಅತಿನ ಮನೆಗಳು ಸರದಿಯಂತೆ ಅವರಿಗೆ ಊಟ ಕೊಡುತ್ತವೆ. ಇಂದು ಈ ಮನೆ, ನಾಳೆ ಆ ಮನೆ. ಬುತ್ತಿ ಒಯ್ಯಲು ಬಂದವನು ಜಗಲಿಯಲ್ಲಿ ನಿಲ್ಲುತ್ತಾನೆ, ಒಳಬಾಗಿಲು ದಾಟುವುದಿಲ್ಲ. ಬುತ್ತಿಯ ಪಾತ್ರೆ ತೊಳೆದೇ ಹಿಂತಿರುಗಬೇಕು. ಝುಲೈಖಾರಿಗೆ ಗೊತ್ತಿದ್ದ ಆಡಳಿತ ಇದೊಂದೇ. ಅದನ್ನೇ ಅವರು ಕ್ಯಾಪ್ಟನ್‌ನ ಮುಂದಿಟ್ಟರು. ಮುಖ್ತಾರನ ಉಗ್ರಾಣದ ಅಕ್ಕಿ ಇದೆ, ಬಲೆಗೆ ಮೀನು ಬೀಳುತ್ತಿದೆ. ಒಂದೊಂದು ದಿನ ಒಂದೊಂದು ಬಿಡಾರದವರು ಸೈನಿಕರಿಗೆ ಅಡುಗೆ ಮಾಡಿ ಕೊಡುತ್ತಾರೆ. ಸೈನಿಕರು ಜಗಲಿಯಿಂದ ಒಳಗೆ ಕಾಲಿಡಬಾರದು, ಯಾವ ಮನೆಯದ್ದೂ. ಸರಬರಾಜು ದೋಣಿಯ ಒಣ ಬಿಸ್ಕತ್ತು ತಿಂದು ಬೇಸತ್ತಿದ್ದ ಕ್ಯಾಪ್ಟನ್ ಸ್ವಲ್ಪ ನಕ್ಕು ಒಪ್ಪಿದ. ಎಲ್ಲ ಮನೆಗಳ ಬಾಗಿಲನ್ನೂ ಈ ಹೆಂಗಸು ಕಾಯುತ್ತಿರುವುದು ಒಂದು ಮನೆಯ ಒಳಕೋಣೆಗಾಗಿ ಎಂಬುದು ಅವನಿಗೆ ಹೊಳೆಯಲಿಲ್ಲ.

ವಿರೋಧಿಸಿದವನು ಕುಶಾಲಪ್ಪ. ಸುಳ್ಯದ ಕಡೆಯವನು, ತ್ಯಾಂಪಣ್ಣನವರೇ ಕರೆತಂದು ಬೇಕರಿಗೆ ಸೇರಿಸಿದ್ದರು. ಕೋಳಿ ಕದ್ದವರಿಗೆ ಮೀನು ಬೇರೆ ಹುರಿದು ಕೊಡಬೇಕಾ ಎಂದು ಅವನು ಎಲ್ಲರೆದುರು ಕೇಳಿದ. ಝುಲೈಖಾ ಹೇಳಿದ್ದು ಇಷ್ಟೇ:

"ಕದ್ದು ತಿಂದವನಿಗೆ ನಾಚಿಕೆ ಇಲ್ಲ ಕುಶಾಲಪ್ಪ. ಬಡಿಸಿ ತಿಂದವನಿಗೆ ಸ್ವಲ್ಪವಾದರೂ ಉಂಟು. ಆ ಸ್ವಲ್ಪ ಸಾಕು ನಮಗೆ."

ವ್ಯವಸ್ಥೆ ನಡೆಯಿತು. ಒಂದು ದಿನ ಪಾತ್ರೆ ತೊಳೆಯದೆ ಬಂತು. ಮರುದಿನ ಬುತ್ತಿ ಹೋಗಲಿಲ್ಲ. ವಿಚಾರಿಸಲು ಬಂದ ಸಾರ್ಜೆಂಟನಿಗೆ ಝುಲೈಖಾ ಅನ್ನ ಅಂಟಿಕೊಂಡ ಪಾತ್ರೆಯನ್ನು ತೋರಿಸಿ, ನಿನ್ನ ತಾಯಿ ನಿನಗೆ ಕಲಿಸಿದ್ದು ಇದೇನಾ ಎಂದು ಕೇಳಿದರು. ಆರಡಿ ಎತ್ತರದ ಆ ಮನುಷ್ಯ ಅಂಗಳದ ನಲ್ಲಿಯ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು, ಮರಳು ಹಾಕಿ ಪಾತ್ರೆ ತಿಕ್ಕುವುದನ್ನು ಇಡೀ ದ್ವೀಪ ನೋಡಿತು. ಆಮೇಲೆ ಬೇಕರಿಯಿಂದ ಹೋದ ಹಿಟ್ಟಿನ ಮೂಟೆಯೂ ಒಂದು ಬೆಳಿಗ್ಗೆ ತಾನಾಗಿ ಬಂದು ಬೇಕರಿಯ ಬಾಗಿಲಲ್ಲಿ ಕುಳಿತಿತ್ತು.

ಗಂಡಾಂತರ ಬಂದದ್ದು ಬೇರೆ ಕಡೆಯಿಂದ. ಮುಖ್ತಾರನ ಮನೆಯ ನೀರಿನ ಪಂಪು ಕೆಟ್ಟಿತು. ರಿಪೇರಿಗೆ ತ್ಯಾಂಪಣ್ಣ ಒಳಗೆ ಬರಲೇಬೇಕಾಯಿತು. ಕಾವಲಿಗೆಂದು ಸೈನಿಕನೊಬ್ಬ ಜಗಲಿಯಲ್ಲಿ ನಿಂತಿದ್ದ. ತ್ಯಾಂಪಣ್ಣ ಹಕೀಮರ ಮದುವೆಗೆ ಉಂಡವರು; ನಿಜವಾದ ಬೀಬಿಯನ್ನು ಎಷ್ಟೋ ಸಾರಿ ಕಂಡವರು. ಬೀಬಿ ಗಿಡ್ಡ, ಕಪ್ಪು, ದುಂಡು. ಇಲ್ಲಿ ಸೀರೆ ಉಟ್ಟು ಕುಳಿತವರು ಎತ್ತರ, ಬಿಳಿ, ಕಡ್ಡಿ. ಇದನ್ನು ಕಂಡವರೇ ಸ್ಪ್ಯಾನರನ್ನು ಕೆಳಗಿಟ್ಟರು. ತ್ಯಾಂಪಣ್ಣ ಜಗಲಿಗೆ ಕೇಳುವಂತೆ ಹೇಳಿದರು:

"ಬೀಬಿಯಮ್ಮ, ಆರಾಮ ಉಂಟಾ? ಇಲ್ಲಿಯ ಹವೆ ನಿಮಗೆ ಒಳ್ಳೆ ಹಿಡಿದಿದೆ. ಉದ್ದ ಆಗಿದ್ದೀರಿ."

ಉಮ್ಮು ಸಾಲಿಮ್ ಅರ್ಥವಾಗದೆ ತಲೆಯಾಡಿಸಿದರು. ತ್ಯಾಂಪಣ್ಣ ಪಂಪನ್ನು ಸರಿಮಾಡಿ ಹೋದರು. ಆ ವಿಷಯದ ಬಗ್ಗೆ ಇಬ್ಬರೂ ದ್ವೀಪದಲ್ಲಿ ಇರುವ ತನಕ ಒಂದು ಅಕ್ಷರ ಮಾತಾಡಲಿಲ್ಲ.

ಹೀಗೆ ಎಲ್ಲವನ್ನೂ ಜಾಗ್ರತೆಯಿಂದ ನಡೆಸಿದ ಝುಲೈಖಾ, ತಪ್ಪಿದ್ದು ಒಲೆಯ ಮುಂದೆ. ಪ್ರವಾದಿಯವರ ಜನ್ಮದಿನವಾದ ಮೀಲಾದ್ ಬಂತು. ಅಂದು ಮುಖ್ತಾರನ ಮನೆಯದ್ದೇ ಸರದಿ. ಕುಂಞಿ ಮೋನು ಬ್ಯಾರಿಯವರ ಮನೆಯಲ್ಲಿ ಒಂದು ಕ್ರಮವಿತ್ತು: ಮೀಲಾದಿನ ದಿನ ಉಸ್ತಾದರ ಊಟ ಕೊಡುವಾಗ ಮನೆಯ ಅತಿ ಹಿರಿಯ ಹೆಂಗಸು ಒಲೆಗೆ ಕೈಯಿಡಬೇಕು, ಏನಿಲ್ಲದಿದ್ದರೂ ಉಪ್ಪನ್ನು ಅವರೇ ಹಾಕಬೇಕು. ಉಣ್ಣುವವರು ಉಸ್ತಾದರಲ್ಲ, ಪರದೇಶ ಹಿಡಿಯಲು ಬಂದ ಸೈನಿಕರು ಎಂಬುದು ಝುಲೈಖಾರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕ್ರಮ ಎಂದರೆ ಕ್ರಮ. ಅವರು ಉಮ್ಮನ ಕೈಗೆ ಉಪ್ಪಿನ ಡಬ್ಬ ಕೊಟ್ಟರು. ವಾರಗಟ್ಟಲೆ ಸುಮ್ಮನೆ ಕುಳಿತಿದ್ದ ಉಮ್ಮ ಉಪ್ಪನ್ನು ಹಾಕಿ, ಸೌಟನ್ನು ಹಿಡಿದರು. ಹಿಡಿದದ್ದನ್ನು ಬಿಡಲಿಲ್ಲ. ಝುಲೈಖಾರ ಮಸಾಲೆಯನ್ನು ಬದಿಗೆ ಸರಿಸಿ, ಈರುಳ್ಳಿಯನ್ನು ಕಪ್ಪಾಗುವ ತನಕ ಹುರಿದು, ಒಣ ಲಿಂಬೆಯನ್ನು ಜಜ್ಜಿ, ಒಣದ್ರಾಕ್ಷಿ ಸೇರಿಸಿ, ತಾವು ಮದುಮಗಳಾಗಿದ್ದಾಗ ಅತ್ತೆ ಕಲಿಸಿದ ಮೀನಿನ ಅನ್ನವನ್ನು ಮಾಡಿದರು. ಪರಿಮಳಕ್ಕೆ ಬಡಪಾಯಿ ಝುಲೈಖಾ ಕೂಡ ಮನಸೋತರು. ಬುತ್ತಿ ಹೋಯಿತು.

ಸಂಜೆ ಕ್ಯಾಪ್ಟನ್ ತಾನೇ ಬಂದ. ಜಗಲಿಯಲ್ಲಿ ನಿಂತ, ಒಳಬಾಗಿಲನ್ನು ನೋಡಿದ.

"ಇಂದಿನ ಅಡುಗೆ ನಿನ್ನದಲ್ಲ," ಎಂದ. "ನಿನ್ನ ಮೆಣಸಿಗೆ ನನ್ನ ಹುಡುಗರು ಅಳುತ್ತಾರೆ. ನಾನು ಇದೇ ಸಮುದ್ರದ ದಡದಲ್ಲಿ ಬೆಳೆದವನು. ಇದು ನನ್ನ ಅಜ್ಜಿಯ ಕೈ."

"ನನ್ನ ತಾಯಿ ಮಾಡಿದರು."

"ಭಾರತದ ತಾಯಿಗೆ ಈ ಕೈ ಎಲ್ಲಿಂದ ಬಂತು?"

ಝುಲೈಖಾ ಒಳಬಾಗಿಲಿಗೆ ಅಡ್ಡವಾಗಿ ನಿಂತು ಹೇಳಿದರು:

"ನಮ್ಮ ಊರಿನಲ್ಲಿ ಉಸ್ತಾದರು ಉಂಡು, ಕೈ ತೊಳೆದು, ದುವಾ ಮಾಡುತ್ತಾರೆ. ಒಲೆಯ ಮುಂದೆ ಯಾರಿದ್ದರು ಎಂದು ಇವತ್ತಿನ ತನಕ ಒಬ್ಬರೂ ಕೇಳಿದ್ದಿಲ್ಲ. ನೀವು ಕೇಳುವುದಾದರೆ ನಾಳೆಯಿಂದ ಸರದಿ ಇಲ್ಲ. ನಿಮ್ಮವರು ಮೊದಲಿನ ಹಾಗೆ ಕದ್ದು ತಿನ್ನಲಿ."

ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ನಿಲ್ಲದ, ಎದೆ ಹರಿಯುವ ಕೆಮ್ಮು. ಕ್ಯಾಪ್ಟನ್ ಅದು ನಿಲ್ಲುವ ತನಕ ಕಾದ. ಟೊಪ್ಪಿಯನ್ನು ತೆಗೆದು ಮತ್ತೆ ಇಟ್ಟುಕೊಂಡ.

"ನಿನ್ನ ತಾಯಿಗೆ ಉಬ್ಬಸ ಇದೆ. ಔಷಧಿ ಕಳುಹಿಸುತ್ತೇನೆ," ಎಂದ. ಮೆಟ್ಟಿಲಿಳಿದವನು ತಿರುಗಿದ. "ದ್ರಾಕ್ಷಿ ಸ್ವಲ್ಪ ಕಡಿಮೆಯಾಗಿತ್ತು. ತಾಯಿಗೆ ಹೇಳು."

ಝುಲೈಖಾ ಒಳಗೆ ಹೋಗಿ ನೆಲದ ಮೇಲೆ ಕುಳಿತುಬಿಟ್ಟರು. ಉಮ್ಮು ಸಾಲಿಮ್‌ಗೆ ಕೊನೆಯ ವಾಕ್ಯ ಮಾತ್ರ ಕೇಳಿಸಿತ್ತು. ನನ್ನ ಅನ್ನಕ್ಕೆ ದ್ರಾಕ್ಷಿ ಕಡಿಮೆ ಎನ್ನುವವನು ಯಾರು, ಅವನ ಅಜ್ಜಿ ಯಾರು, ಕರೆ ಅವನನ್ನು ಎಂದು ಕೋಲು ಹಿಡಿದು ಬಾಗಿಲಿಗೆ ಹೊರಟರು. ಸೈನ್ಯವನ್ನು ತಡೆದ ಝುಲೈಖಾರಿಗೆ ಆಕೆಯನ್ನು ತಡೆಯುವುದೇ ಕಷ್ಟವಾಯಿತು. ಔಷಧಿ ಮರುದಿನ ಬಂತು. ಕ್ಯಾಪ್ಟನ್‌ನ ಹೆಸರನ್ನು ಝುಲೈಖಾ ಕೊನೆಯ ತನಕ ಯಾರಿಗೂ ಹೇಳಲಿಲ್ಲ. ಅವನು ಒಳ್ಳೆಯವನೇ ಎಂದು ಕೇಳಿದರೆ, ಹಸಿದವನು ಎನ್ನುತ್ತಿದ್ದರು.

ಅಕ್ಟೋಬರಿನಲ್ಲಿ ಭಾರತೀಯರನ್ನು ಕರೆದೊಯ್ಯಲು ಲಾಂಚು ಬಂತು. ಅಲ್ಲಿಂದ ಬಸ್ಸು, ಗಡಿ, ಮರುಭೂಮಿ, ಮತ್ತೆ ಬಸ್ಸು, ಆಮೇಲೆ ವಿಮಾನ. ಪ್ರತಿ ಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಎಲ್ಲರೂ ಗಂಟು ಕಟ್ಟಿದರು. ಝುಲೈಖಾರ ಮಕ್ಕಳು ಮೂರು ವರ್ಷದಿಂದ ತಾಯಿಯನ್ನು ಕಂಡಿರಲಿಲ್ಲ. ನಶೀದಾಳಿಗೆ ಆಗ ಒಂಬತ್ತು, ನಿಯಾಝನಿಗೆ ಆರು. ಲಾಂಚಿನಲ್ಲಿ ಒಂದು ಜಾಗ ಅವರಿಗೂ ಇತ್ತು. ತಾವು ಹೋಗುವುದಿಲ್ಲ, ತಾಯಿಗೆ ಪ್ರಯಾಣ ಆಗದು ಎಂದರು. ಸತ್ಯ ತಿಳಿಯದ ಕುಶಾಲಪ್ಪ ಬಿಡಲಿಲ್ಲ.

"ನಾವು ಹೊತ್ತುಕೊಂಡು ಹೋಗ್ತೇವೆ ಅಕ್ಕ. ನಿಮ್ಮ ಉಮ್ಮ ಅಂದ್ರೆ ನಮ್ಮ ಉಮ್ಮ ಅಲ್ವಾ?"

ಝುಲೈಖಾ ಚೆನ್ನಾಗಿ ಬೈದು ಅವನನ್ನು ಲಾಂಚು ಹತ್ತಿಸಿದರು. ತ್ಯಾಂಪಣ್ಣ ಹತ್ತಲಿಲ್ಲ. ಯಂತ್ರ ನಿಂತರೆ ತುಕ್ಕು ಹಿಡಿಯುತ್ತದೆ ಎಂದರು. ಮಂಜುಗಡ್ಡೆ ಕೊಳ್ಳುವವರು ಒಬ್ಬರೂ ಉಳಿದಿರಲಿಲ್ಲ.

ಕುಶಾಲಪ್ಪ ಊರು ಮುಟ್ಟಿದವನೇ ಸುಳ್ಯಕ್ಕೆ ಹೋಗುವ ಮೊದಲು ಕಬಕದಲ್ಲಿ ಇಳಿದು ಹಕೀಮರನ್ನು ಕಂಡ. ಝುಲೈಖಕ್ಕ ಕ್ಷೇಮ, ನಿಮ್ಮ ಅತ್ತೆಯೂ ಕ್ಷೇಮ, ಆದರೆ ಅವರಿಗೆ ಪ್ರಯಾಣ ಮಾಡಲಾಗದ ಕಾರಣ ಇಬ್ಬರೂ ಅಲ್ಲೇ ಉಳಿದರು ಎಂದ. ಹಿಂದಿನ ಶುಕ್ರವಾರವಷ್ಟೇ ನರಿಮೊಗರಿನಲ್ಲಿ ಅತ್ತೆಯ ಕೈಯಿಂದ ಬಡಿಸಿಕೊಂಡು ಉಂಡಿದ್ದ ಹಕೀಮರು ಬಾಯಿ ತೆರೆದು, ಏನೋ ತೋಚಿ ಮುಚ್ಚಿದರು. ಕುಶಾಲಪ್ಪನಿಗೆ ಚಾ ಕುಡಿಸಿ ಬಸ್ಸು ಹತ್ತಿಸಿ, ನೇರವಾಗಿ ನರಿಮೊಗರಿಗೆ ಹೋದರು. ಬೀಬಿ ಕೊಟ್ಟಿಗೆಯ ಬಳಿ ಇದ್ದರು. ಅಳಿಯ ಹೇಳಿದ್ದನ್ನು ಕೇಳಿ ಕೈ ತೊಳೆದು, ಒಳಗೆ ಬಂದು, ಬಾಗಿಲು ಹಾಕಿದರು.

"ನನ್ನ ಮಗಳು ಸುಮ್ಮನೆ ಸುಳ್ಳು ಹೇಳುವವಳಲ್ಲ," ಎಂದರು. "ನಾನು ಅಲ್ಲಿದ್ದೇನೆ ಎಂದು ಅವಳು ಹೇಳಿದರೆ, ನಾನು ಅಲ್ಲಿಯೇ ಇದ್ದೇನೆ. ಇನ್ನು ನನ್ನನ್ನು ಇಲ್ಲಿ ಯಾರೂ ನೋಡಬಾರದು."

"ಉಮ್ಮ, ಆ ಪಟಾಲಮಿನವರು ನರಿಮೊಗರಿಗೆ ಬರುದಿಲ್ಲ."

"ಕುಶಾಲಪ್ಪ ಅಲ್ಲಿಂದ ಇಲ್ಲಿಗೆ ಬಂದ. ಇಲ್ಲಿಯ ಮಾತು ಅಲ್ಲಿಗೆ ಹೋಗುದಿಲ್ಲವಾ? ನೀನು ಬಾಯಿ ಬಿಟ್ಟು ನನ್ನ ಮಗಳ ತಲೆ ಹೋಗುವುದು ಬೇಡ."

ಆ ದಿನದಿಂದ ಬೀಬಿ ಮನೆಯೊಳಗೆ ಕುಳಿತರು. ಬೀಬಿ ಗಲ್ಫಿನಲ್ಲಿದ್ದಾರೆ ಎಂದು ಹಕೀಮರು ಕಬಕ, ಪುತ್ತೂರು ಎಲ್ಲ ಕಡೆ ಹೇಳಿದರು. ಸ್ವಂತ ತಂಗಿಯ ಮೊಮ್ಮಗಳ ನಿಕಾಹ್ ಆಲಂಕಾರಿನಲ್ಲಿ ನಡೆಯಿತು, ಬೀಬಿ ಹೋಗಲಿಲ್ಲ. ಅಲ್ಲಿನ ಹೆಂಗಸರು, ಈ ಪ್ರಾಯದಲ್ಲಿ ಬೀಬಿಗೆ ಪರದೇಶದ ಹುಚ್ಚು ಎಂದು ಆಡಿಕೊಂಡದ್ದನ್ನು ಯಾರೋ ತಂದು ಮುಟ್ಟಿಸಿದಾಗ ಗೋಡೆಯ ಕಡೆ ತಿರುಗಿ ನಕ್ಕರಂತೆ. ಮೊಮ್ಮಕ್ಕಳಿಬ್ಬರಿಗೂ ಅಜ್ಜಿ ಮನೆಯಲ್ಲಿ ಇಲ್ಲ ಎಂದು ಹೇಳಲು ಕಲಿಸಲಾಯಿತು. ನಿಯಾಝ್ ಒಮ್ಮೆ ಬಂದವರಿಗೆ, "ಅಜ್ಜಿ ಕುವೈತಿಗೆ ಹೋಗಿದ್ದಾರೆ, ಈಗ ಸ್ನಾನ ಮಾಡ್ತಾ ಇದ್ದಾರೆ," ಎಂದುಬಿಟ್ಟ. ಬಂದವರು ಸಜ್ಜನರು, ಮತ್ತೊಮ್ಮೆ ಬರುತ್ತೇವೆ ಎಂದು ಹೋದರು.

ಪಕ್ಕದ ಮನೆಯ ಸುಂದರಿಗೆ ಬೇಲಿಯ ಮೇಲಿನಿಂದ ಎಲ್ಲವೂ ಕಾಣುತ್ತಿತ್ತು. ಕತ್ತಲಾದ ಮೇಲೆ ಬಾವಿಕಟ್ಟೆಗೆ ಬರುವ ಬೀಬಿಯನ್ನು ದಿನವೂ ನೋಡುತ್ತಿದ್ದರು. ಏಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರು ಕೇಳಲೂ ಇಲ್ಲ. ಬೇಲಿಗೆ ಬಂದು ಆಕಾಶಕ್ಕೆ ಹೇಳುವಂತೆ, "ಬೀಬಿಯಮ್ಮ ಇಲ್ಲ ಅಲ್ಲವಾ, ಈ ಬಸಳೆ ಯಾರಿಗೆ ಕೊಡುದು, ಇಲ್ಲಿಯೇ ಇಡ್ತೇನೆ," ಎಂದು ಕಟ್ಟನ್ನು ಕಲ್ಲಿನ ಮೇಲಿಟ್ಟು ಹೋಗುತ್ತಿದ್ದರು. ಅಂಥ ನೆರೆಯವರಿಗೆ ಯಾವ ಪ್ರಶಸ್ತಿಯನ್ನೂ ಯಾವ ಸಂಘವೂ ಇದುವರೆಗೆ ಸ್ಥಾಪಿಸಿಲ್ಲ.

ಫೆಬ್ರವರಿಯ ಕೊನೆಗೆ ಯುದ್ಧ ಮುಗಿಯಿತು. ಸೈನಿಕರು ಒಂದೇ ಬೆಳಿಗ್ಗೆ, ಒಲೆಯ ಮೇಲಿದ್ದ ಚಾವನ್ನೂ ಕುಡಿಯದೆ ದ್ವೀಪ ಬಿಟ್ಟರು. ಮಾರ್ಚಿನಲ್ಲಿ ಸಾಲಿಮ್ ಬಂದ. ತಾಯಿ ಸತ್ತಿರುವರೆಂದೇ ನಂಬಿದ್ದವನು ನೀಲಿ ಹೂವಿನ ಸೀರೆಯಲ್ಲಿ ಆಕೆಯನ್ನು ಕಂಡು ಕಾಲಿಗೆ ಬಿದ್ದು ಅತ್ತ. ಅತ್ತು ಮುಗಿದ ಮೇಲೆ ಯಜಮಾನನಾಗಿ ಎದ್ದು ಉಗ್ರಾಣ ನೋಡಿದ. ಅಕ್ಕಿಯೆಲ್ಲ ಎಲ್ಲಿ, ಶತ್ರುಗಳಿಗೆ ಬಡಿಸಿದ್ದು ಯಾರ ಅಪ್ಪಣೆಯಿಂದ ಎಂದು ಕೇಳಿದ. ಝುಲೈಖಾ ಉತ್ತರಿಸಲು ಬಾಯಿ ತೆರೆಯುವ ಮೊದಲು ಉಮ್ಮು ಸಾಲಿಮ್ ಹೇಳಿದರು:

"ಅಕ್ಕಿ ಹೋಯಿತು, ನಾನು ಉಳಿದೆ. ನಿನಗೆ ಯಾವುದು ಬೇಕಿತ್ತು, ಹೇಳು."

ಸಾಲಿಮ್ ಆಮೇಲೆ ಆ ಮಾತನ್ನು ಎತ್ತಲಿಲ್ಲ. ಉಮ್ಮು ಸಾಲಿಮ್ ಮತ್ತೆ ಮುಖವಾಡ ಧರಿಸಿದರು. ಹೊರಡುವ ದಿನ ಝುಲೈಖಾರನ್ನು ಒಳಗೆ ಕರೆದು, ಅದನ್ನು ಬಿಚ್ಚಿಯೇ ಬೀಳ್ಕೊಟ್ಟರು. ಆಕೆ ಇನ್ನೂ ನಾಲ್ಕು ವರ್ಷ ಬದುಕಿ, ಬಯಸಿದಂತೆ ಆ ಮನೆಯಿಂದಲೇ ಹೊರಟರೆಂದು ಆಮೇಲೆ ಸುದ್ದಿ ಬಂತು.

ಏಪ್ರಿಲಿನಲ್ಲಿ ಝುಲೈಖಾ ಮತ್ತು ತ್ಯಾಂಪಣ್ಣ ಊರಿಗೆ ಮರಳಿದರು. ಹಕೀಮರು ಜೀಪಿನಲ್ಲಿ ಕರೆದುಕೊಂಡು ಬರುವಾಗ ದಾರಿಯುದ್ದಕ್ಕೂ ನಡೆದದ್ದನ್ನು ಹೇಳಿದರು. ಝುಲೈಖಾರಿಗೆ ತನ್ನ ಸುಳ್ಳು ಸಮುದ್ರ ದಾಟಿ ತಾಯಿಯನ್ನು ಮನೆಯೊಳಗೆ ಕೂಡಿಹಾಕಿತ್ತೆಂದು ತಿಳಿದದ್ದು ಆಗಲೇ. ನರಿಮೊಗರಿನ ಅಂಗಳದಲ್ಲಿ ಜೀಪು ನಿಂತಿತು. ಮಕ್ಕಳು ಓಡಿ ಬಂದರು. ಅವರ ಹಿಂದೆ ಬೀಬಿ, ಐದಾರು ತಿಂಗಳ ನಂತರ ಮೊದಲ ಬಾರಿಗೆ ಹಗಲಿನ ಬೆಳಕಿನಲ್ಲಿ, ಎಲ್ಲರೂ ನೋಡುವಂತೆ ಮೆಟ್ಟಿಲಿಳಿದು ಬಂದರು. ಒಳಗೆ ಕುಳಿತು ಇನ್ನಷ್ಟು ದುಂಡಾಗಿದ್ದರು. ಮಗಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ನೋಡಿದರು.

"ನಾನು ಅಲ್ಲಿ ಆರಾಮ ಇದ್ದೆನಾ?" ಎಂದು ಕೇಳಿದರು.

"ಆರಾಮ ಇದ್ದಿರಿ ಉಮ್ಮ," ಎಂದರು ಝುಲೈಖಾ. "ಸ್ವಲ್ಪ ಕೆಮ್ಮು ಇತ್ತು. ಕಡಿಮೆಯಾಯಿತು."

ಆಮೇಲಿನ ಮೂವತ್ತನಾಲ್ಕು ವರ್ಷ ಅವರು ಮತ್ತೆ ಕಬಕ ಬಿಟ್ಟು ಪರದೇಶಕ್ಕೆ ಹೋಗಲಿಲ್ಲ. ಪಂಚಾಯಿತಿ ಚುನಾವಣೆಗೆ ನಿಲ್ಲಿರೆಂದು ಎರಡು ಪಕ್ಷದವರು ಬಂದಾಗ, ತಾನು ಆಳಿದ ಊರಿನಲ್ಲಿ ಮತ ಕೇಳುವ ಕ್ರಮ ಇರಲಿಲ್ಲ, ಈಗ ಅಭ್ಯಾಸವಾಗದು ಎಂದು ಇಬ್ಬರಿಗೂ ಚಾ ಕೊಟ್ಟು ಕಳುಹಿಸಿದರು. ಕುಶಾಲಪ್ಪನಿಗೆ ಮಾತ್ರ ತಾವೇ ಸುಳ್ಯಕ್ಕೆ ಹೋಗಿ ಸತ್ಯ ಹೇಳಿದರು. ಅವನು, ಹಾಗಾದರೆ ತಾನು ಹೊತ್ತುಕೊಂಡು ಹೋಗುತ್ತೇನೆ ಎಂದದ್ದು ಮುಖ್ತಾರನ ತಾಯಿಯನ್ನಾ ಎಂದು ಕೇಳಿ, ತಲೆಯ ಮೇಲೆ ಕೈಯಿಟ್ಟುಕೊಂಡನಂತೆ.

ಝುಲೈಖಾ ಬಿಟ್ಟುಹೋದದ್ದು:

ಮಗಳು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು.

ಕಬಕದಲ್ಲಿ ಹೆಂಚಿನ ಮನೆ. ಹಿಂದಿನ ಗೋಡೆಗೆ ಗಾರೆ ಬಾಕಿ.

ರುಕಿಯಾಳಿಗೆಂದು ಹೊಲಿಯಲು ತೊಡಗಿದ ಒಂದು ಹೊದಿಕೆ, ಮುಕ್ಕಾಲು ಪಾಲು.

ಮೂರು ಕನ್ನಡಕಗಳು. ಓದಲು ಒಂದು, ದೂರಕ್ಕೆ ಒಂದು, ಈ ಎರಡನ್ನು ಹುಡುಕಲು ಒಂದು.

ಸಂಜೆಯ ತರಗತಿಯ ಪ್ರಮಾಣಪತ್ರ, ಚೌಕಟ್ಟು ಹಾಕಿಸಿದ್ದು.

ಒಂದು ಹುಂಜ, ಯಾರ ಮಾತನ್ನೂ ಕೇಳದ್ದು. ಸಫ್ವಾನ್ ಅದನ್ನು ಕೊಯ್ಯಲು ಬಿಡುವುದಿಲ್ಲ ಎಂದಿದ್ದಾನೆ.

ಹಿತ್ತಿಲಲ್ಲಿ ಎರಡು ಹಲಸಿನ ಮರ. ಅವುಗಳಲ್ಲಿ ಒಂದು ತಮ್ಮದೆಂದು ಪಕ್ಕದ ಮನೆಯವರು ಹೇಳುತ್ತಾರೆ, ವಾದ ಮುಗಿದಿಲ್ಲ.